ಬಲಕ್ಕೆ ಸರಿದ ಕೊಳಲು

"ಕೊಳಲು ತಗದ ಒಗದಾರಲೇ! ಇದಕ್ಕ ರೀಮಿಕ್ಸ್ ಅಂತಾರೇನು?" ಸಂಜೀವಕುಮಾರ ಹೆಡ್‌ಫೋನ್ ಕಿತ್ತು ಖಲೀಲನ ತೊಡೆಯ ಮೇಲೆ ಎಸೆದ. ಐವತ್ತು ವರ್ಷ ಹಳೆಯ ಇಂಗ್ಲಿಷ್ ಪ್ರೊಗ್ರೆಸಿವ್ ರಾಕ್ ಆಲ್ಬಂ ಒಂದು ಹೊಸ ರೀಮಿಕ್ಸಿನಲ್ಲಿ ಬಂದಿತ್ತು. ಹೊಸದು ಕೊಳ್ಳಬೇಕೋ ಹಳೆಯದೇ ಸಾಕೋ ಎಂದು ಇಂಡಿ, ಮುದ್ದೇಬಿಹಾಳದ ಗೆಳೆಯರು ವಾಟ್ಸಾಪಿನಲ್ಲಿ ಅವನ ತೀರ್ಪಿಗೆ ಕಾಯುತ್ತಿದ್ದರು. ಸಿಂದಗಿಯ ಡಿಜೆ ಗಾಡಿಗಳಲ್ಲಿ ದನಿ ಹೊಂದಿಸಲು ಮಿಕ್ಸರಿಗೆ ನಿಲ್ಲುವವನ ಕಿವಿಯನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಅವನ ಅನ್ನವೂ ಅದರಿಂದಲೇ ಹುಟ್ಟುತ್ತಿತ್ತು.

ಖಲೀಲ ಹಾಕಿಕೊಂಡು ಕೇಳಿದ. "ಐತಲ್ಲೋ ದೋಸ್ತ. ಮೊದ್ಲು ನಡುವ ಇತ್ತು, ಈಗ ಪೂರಾ ಬಲಕ್ಕ ಸರಿಸ್ಯಾರ. ಎಡಕ್ಕ ಗಿಟಾರ್ ಇಟ್ಟಾರ."

"ಹುಚ್ಚಪ್ಯಾಲಿ, ಬಲಕ್ಕ ಏನೂ ಇಲ್ಲ. ನಿನ್ನ ಹೆಡ್‌ಫೋನ್ ಒಂದ್ ಕಡಿ ಸತ್ತೈತಿ."

"ನನಗ ಎರಡೂ ಕಡಿ ಕೇಳಸ್ತೈತಿ," ಎಂದು ನಗುತ್ತಲೇ ಖಲೀಲ ಹೆಡ್‌ಫೋನನ್ನು ಬಲದ್ದು ಎಡಕ್ಕೆ ಬರುವಂತೆ ತಿರುಗಿಸಿ ಗೆಳೆಯನ ತಲೆಗೆ ಹಾಕಿದ. ಹಾಡನ್ನು ಅದೇ ಜಾಗದಿಂದ ಮತ್ತೆ ಹಚ್ಚಿದ.

ಎಡಗಿವಿಗೆ ಕೊಳಲು ಬಂತು, ಊದುವವನ ಉಸಿರಿನ ಸಮೇತ. "ಈಗ ಬಂತ ನೋಡು!" ಎಂದು ಸಂಜೀವಕುಮಾರ ಕೂಗಿದ. ಮರುಗಳಿಗೆ ಅವನ ಮುಖ ಬಿಳಚಿಕೊಂಡಿತು. ಈಗ ಬಲಕ್ಕೆ ಬರಬೇಕಿದ್ದ ಗಿಟಾರ್ ಇರಲಿಲ್ಲ. ಅವನು ಹೆಡ್‌ಫೋನಿನ ಎಡಭಾಗವನ್ನಷ್ಟೇ ಸರಿಸಿ ಆ ಕಿವಿಗೆ ಬೆರಳು ತುರುಕಿಕೊಂಡ. ಅವನ ಪಾಲಿಗೆ ಹಾಡೇ ನಿಂತುಹೋಯಿತು. ಖಲೀಲನ ನಗು ಇಳಿಯಿತು. ಗೆಳೆಯನ ಬಲಗಿವಿಯ ಮೇಲಿಂದ ಹೊರಗೆ ಸೋರುತ್ತಿದ್ದ ಗಿಟಾರ್, ಮಾರುದ್ದ ದೂರ ಕೂತಿದ್ದ ಅವನಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.