ಗಂಟು ಕಟ್ಟಿದ ಕೈ

"ಅತ್ತಿಗೆ, ಈಗ ಬರತ್ತೆ ನೋಡಿ, ನನ್ನ ಕೈ," ಎಂದು ಗಾಸ್ಪಾರ್ ಲಿಯೊನಿಯ ಮೊಣಕೈ ತಿವಿದ.

ಭಾನುವಾರದ ಪೂಜೆ ಮುಗಿಸಿ ಊರಿಗೆ ಊರೇ ಕೊಟ್ಟಿಗೆಯಲ್ಲಿ ಸಿನಿಮಾ ನೋಡಲು ಸೇರಿತ್ತು. ಕಳ್ಳಬೇಟೆಯವರ, ಗಡಿಯಾಚೆಯಿಂದ ಹೊಗೆಸೊಪ್ಪು ಕದ್ದುಮುಚ್ಚಿ ತರುವವರ ಕಥೆ. ಎರಡು ಬೇಸಿಗೆಯ ಹಿಂದೆ ಇದೇ ಊರಲ್ಲಿ ತೆಗೆದದ್ದು. ಪ್ಯಾರಿಸ್ಸಿನ ನಾಯಕನಿಗೆ ಪ್ರಾಣಿ ಹಿಡಿಯುವ ತಂತಿಯ ಉರುಲು ಕಟ್ಟಲು ಬಾರದ್ದರಿಂದ ಕೈ ಮಾತ್ರ ಗಾಸ್ಪಾರನದ್ದು ತೋರಿಸಿದ್ದರು. ಅದನ್ನೇ ಹೇಳಿ ಹೇಳಿ ಅವನು ಎಲ್ಲರ ತಲೆ ತಿಂದಿದ್ದ.

ಲಿಯೊನಿಗೆ ಸಿನಿಮಾ ಬೇಕಿರಲಿಲ್ಲ. ಅವಳ ಗಂಡ ಅನ್ಸೆಲ್ಮ್ ಜೈಲಿನಲ್ಲಿದ್ದ. ಹೋದ ವರ್ಷ ಸಾಹುಕಾರರ ಕಾಡಿನಲ್ಲಿ ಯಾರೋ ಒಡ್ಡಿದ ಉರುಲಿಗೆ ಸಿಕ್ಕಿ ಕಾವಲುಗಾರನ ಕಾಲು ಮುರಿದಿತ್ತು. ಆ ಊರಿನ ಬೇಟೆಗಾರರಲ್ಲಿ ಒಬ್ಬೊಬ್ಬರದು ಒಂದೊಂದು ಗಂಟು. ತಂತಿಯನ್ನು ಎಡಕ್ಕೆ ಮೂರು ಸುತ್ತು ಸುತ್ತಿ ತುದಿಯನ್ನು ಒಳಗೆ ಸಿಕ್ಕಿಸುವುದು ಅನ್ಸೆಲ್ಮನ ರೀತಿ. "ಗಂಟು ನಂದೇ ಸ್ವಾಮಿ, ಕಟ್ಟಿದ ಕೈ ನಂದಲ್ಲ," ಎಂದಾಗ ಕೋರ್ಟು ನಕ್ಕಿತ್ತು. ಆ ಗಂಟು ಅಣ್ಣನಿಗೆ ಬಿಟ್ಟರೆ ಇನ್ಯಾರಿಗೂ ಬರುವುದಿಲ್ಲ ಎಂದು ಕಣ್ಣೀರು ಹಾಕಿ ಸಾಕ್ಷಿ ಹೇಳಿದವನು ಗಾಸ್ಪಾರನೇ. ಅನ್ಸೆಲ್ಮನಿಗೆ ಮೂರು ವರ್ಷ ಶಿಕ್ಷೆಯಾಯಿತು. ಅಂದಿನಿಂದ ಗಾಸ್ಪಾರ್ ಅಣ್ಣನ ಕುರ್ಚಿಯಲ್ಲೇ ಕೂತು ಅವಳು ಬಡಿಸಿದ ಸೂಪು ಕುಡಿಯುತ್ತಿದ್ದ.

ಪರದೆಯ ತುಂಬ ಕೈ ಬಂತು. ಮರ ಕೊಯ್ಯುವ ಗರಗಸಕ್ಕೆ ಅರ್ಧ ಹೋದ ತೋರುಬೆರಳು. ಜನ ಗುರುತು ಹಿಡಿದು ಚಪ್ಪಾಳೆ ತಟ್ಟಿದರು. ಕೈ ತಂತಿಯನ್ನು ಎಡಕ್ಕೆ ತಿರುವಿತು. ಒಂದು ಸುತ್ತು, ಎರಡು, ಮೂರು. ತುದಿ ಒಳಗೆ ಹೋಯಿತು. ಚಪ್ಪಾಳೆ ನಿಂತುಹೋಯಿತು.

ಲಿಯೊನಿಯ ಮೈಯೆಲ್ಲ ಉರಿಯಿತು. ಈ ಹಾಳಾದವನಿಗೆ ವರ್ಷವಿಡೀ ಕೈಯಾರೆ ಬಡಿಸಿದೆನಲ್ಲ, ಗಂಡನಿಗೆ ಬರೆದ ಪ್ರತಿ ಕಾಗದದಲ್ಲೂ ಇವನನ್ನು ಹೊಗಳಿದೆನಲ್ಲ! ಅವಳು ಎದ್ದು ನಿಂತಳು.

"ಕೂತ್ಕೊಳ್ಳಿ ಅತ್ತಿಗೆ, ಜನ ನೋಡ್ತಿದಾರೆ."

"ನೋಡ್ಲಿ ಅಂತಾನೇ ಎದ್ದಿದ್ದು. ಬಾಯಿಗೆ ಸುಳ್ಳು ಹೇಳೋದು ಕಲಿಸಿದ್ದೆ ನೀನು, ಕೈಗೆ ಕಲಿಸೋದು ಮರೆತೆ ನೋಡು." ಸಿನಿಮಾ ಯಂತ್ರದ ಹತ್ತಿರ ನಿಂತಿದ್ದ ಮೇಷ್ಟ್ರ ಕಡೆ ತಿರುಗಿದಳು. "ಮೇಷ್ಟ್ರೇ, ಆ ಗಂಟನ್ನ ಇನ್ನೊಂದ್ಸಲ ತೋರ್ಸಿ."

ಮೇಷ್ಟ್ರು ಸುರುಳಿಯನ್ನು ಹಿಂದಕ್ಕೆ ಸುತ್ತಿದರು. ಮುಂದಿನ ಸಾಲಿನಿಂದ ಕುಂಟ ಕಾವಲುಗಾರ ಕೋಲೂರಿ ಎದ್ದು, ಪರದೆಗೆ ಬೆನ್ನು ಹಾಕಿ, ಗಾಸ್ಪಾರನತ್ತ ತಿರುಗಿ ನಿಂತ.

ಪರದೆಯ ಮೇಲೆ ಮೋಟುಬೆರಳು ಮತ್ತೆ ತಂತಿಯನ್ನು ಎಡಕ್ಕೆ ತಿರುವತೊಡಗಿತು. ಬೆಂಚಿನ ಮೇಲೆ ಗಾಸ್ಪಾರ್ ತನ್ನ ಬಲಗೈಯನ್ನು ಟೋಪಿಯೊಳಗೆ ಬಚ್ಚಿಟ್ಟುಕೊಂಡಿದ್ದ.