ಆರು ಬೈಗುಳ

ಪದದಂಗಡಿಯಲ್ಲಿ ದಿನಬಳಕೆಯ ಇಂಗ್ಲಿಷ್ ಪದವೊಂದಕ್ಕೆ ನಮ್ಮ ಮನೆಮಾತಿನ ಒಂದು ಪದ ಕೊಡಬೇಕು, ವಿಜ್ಞಾನದ ಪದಕ್ಕೆ ಎರಡು. ಕೊಟ್ಟ ಪದ ಕೊಟ್ಟವರ ನಾಲಿಗೆಗೆ ಮತ್ತೆ ಬರುವುದಿಲ್ಲ. ನಾಳೆ ಕಸ್ತೂರೆವ್ವನ ಮಗಳು ಅಕ್ಷತಾಳ ವಿಜ್ಞಾನ ಪರೀಕ್ಷೆ. ಇನ್ನೂ ಮೂರು ಪದ ಬೇಕಾಗಿದ್ದವು.

"ಆರು ಕೊಡಬೇಕಾಗ್ತದ ಅಕ್ಕಾರ. ನಿಮ್ಮ ಓಣಿಯವ್ರು ಜೋಗುಳದ ಪದಾನೂ ಕೊಟ್ಟು ಹೋಗ್ಯಾರ," ಎಂದ ಅಂಗಡಿಯ ಈರಣ್ಣ.

ಕಸ್ತೂರೆವ್ವ ಯೋಚಿಸಿದಳು. ಜೋಗುಳ ಕೊಟ್ಟರೆ ಮುಂದೆ ಮೊಮ್ಮಕ್ಕಳಿಗೆ ಏನು ಹಾಡುವುದು?

"ಬೈಗುಳ ನಡೀತಾವೇನು, ಈರಣ್ಣಾ?"

"ನಡೀತಾವ. ಆದ್ರ ಗಟ್ಟಿ ಇರಬೇಕು."

"ನಮ್ಮತ್ತಿ ಕಲಿಸಿದ್ದು. ಗಟ್ಟಿ ಇರದ ಏನು!"

ಆರನ್ನೂ ಅವನ ಕಿವಿಯಲ್ಲಿ ಉಸುರಿದಳು. ಈರಣ್ಣ ಕಿವಿ ಒರೆಸಿಕೊಂಡು, ಪದ-ಅರ್ಥ ಬರೆದ ಮೂರು ಚೀಟಿ ಕೊಟ್ಟ.

ಮರುದಿನ ಬೆಳಿಗ್ಗೆ ಅಕ್ಷತಾ ಆ ಮೂರನ್ನೂ ಗಟ್ಟಿಯಾಗಿ ಹೇಳಿಕೊಳ್ಳುತ್ತಲೇ ಶಾಲೆಗೆ ಹೋದಳು. ಕಸ್ತೂರೆವ್ವ ನಳಕ್ಕೆ ಬಂದರೆ, ಪಕ್ಕದ ಮನೆಯ ಸಿದ್ದವ್ವ ಇವಳ ಕೊಡ ಸರಿಸಿ ತನ್ನದನ್ನು ಇಟ್ಟಿದ್ದಳು. ಕಸ್ತೂರೆವ್ವ ಸೊಂಟಕ್ಕೆ ಕೈಯಿಟ್ಟು ಬಾಯಿ ತೆರೆದಳು. ಒಂದು ಬೈಗುಳವೂ ಬರಲಿಲ್ಲ. ಕೊನೆಗೆ, ಬೆಳಗಿನಿಂದ ಕಿವಿಯಲ್ಲಿ ಕೂತಿದ್ದದ್ದೇ ಬಂತು.

"ಏ ಫೋಟೋಸಿಂಥೆಸಿಸ್!"

ಸಿದ್ದವ್ವ ಬೆಚ್ಚಿ ತನ್ನ ಕೊಡ ಎತ್ತಿಕೊಂಡಳು. "ಯವ್ವಾ, ಮುಂಜಾನೆದ್ದು ಇಷ್ಟು ಕೆಟ್ಟ ಬೈತಾರೇನ? ನಿನ್ನ ಪಾಳೀನ ಅದ, ತುಂಬ್ಕೋ ತಾಯಿ."

ಸಂಜೆ ಅಕ್ಷತಾ ಮೂರಕ್ಕೂ ಸರಿಯುತ್ತರ ಬರೆದು ಕುಣಿಯುತ್ತ ಬಂದಳು. ಕಸ್ತೂರೆವ್ವ ಕಳೆದುಕೊಂಡದ್ದು ಆರು ಬೈಗುಳ. ಮಗಳಿಗೆ ಅರ್ಥದ ಸಮೇತ ಮೂರು ಪದ ಸಿಕ್ಕವು. ಅರ್ಥ ಗೊತ್ತಿಲ್ಲದ ಒಂದು ಬೈಗುಳ ತಾಯಿಗೂ ಪುಕ್ಕಟೆ ಸಿಕ್ಕಿತು.