ಚಳಿಗಾಲದ ಫ್ಯಾನು

ಹೊರಗೆ ಮಂಜು ಇನ್ನೂ ಕರಗಿರಲಿಲ್ಲ. ಚಿಕ್ಕಪ್ಪನನ್ನು ನೋಡಲು ವೇಬ್ರಿಡ್ಜಿನ ಪುಟ್ಟ ಕೋಣೆಗೆ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಲಾರಿಗಳ ತೂಕ ಹಿಡಿಯುವ ಚಿಕ್ಕಪ್ಪ ಸ್ವೆಟರಿನ ಮೇಲೊಂದು ಸ್ವೆಟರ್ ತೊಟ್ಟು, ಕಿವಿ ಮುಚ್ಚುವಂತೆ ಮಫ್ಲರ್ ಸುತ್ತಿ ಕೂತಿದ್ದ. ಮೇಜಿನ ಮೇಲೆ ಫ್ಯಾನು ಭರ್ರೆಂದು ತಿರುಗುತ್ತಿತ್ತು.

"ಇದೇನು ಚಿಕ್ಕಪ್ಪಾ, ಈ ಚಳೀಲಿ ಫ್ಯಾನು! ತಲೆ ನೆಟ್ಟಗಿದೆ ತಾನೇ?"

"ಫ್ಯಾನು ನನಗಲ್ಲಮ್ಮ, ಇದಕ್ಕೆ," ಎಂದು ಅವನು ಕಂಪ್ಯೂಟರಿನ ಕಡೆ ಗಲ್ಲ ಚಾಚಿದ.

ಅವಳು ಬಗ್ಗಿ ನೋಡಿದಳು. ಅತ್ತಿತ್ತ ಹೊರಳುವ ಫ್ಯಾನಿನ ಕುತ್ತಿಗೆಗೆ ಒಂದು ಬಿದಿರುಕಡ್ಡಿ ಕಟ್ಟಿತ್ತು. ಅದರ ಇನ್ನೊಂದು ತುದಿ ಮೌಸಿಗೆ. ಫ್ಯಾನು ಎಡಕ್ಕೆ ಹೊರಳಿದರೆ ಮೌಸೂ ಎಡಕ್ಕೆ, ಬಲಕ್ಕೆ ಹೊರಳಿದರೆ ಬಲಕ್ಕೆ, ಗಾಣದೆತ್ತಿನಂತೆ ಬಿಡುವಿಲ್ಲದೆ.

"ಮೌಸ್ ಅಲ್ಲಾಡದಿದ್ರೆ ಹತ್ತೇ ನಿಮಿಷಕ್ಕೆ ಇದು ಮಲಗಿಬಿಡುತ್ತೆ. ಡ್ರೈವರ್ ಕಾಗದ ತರೋಷ್ಟರಲ್ಲಿ ಮಲಗಿದ್ರೆ ಹಿಡಿದ ತೂಕ ಹೋಯ್ತು, ಲಾರಿ ಇಳಿಸಿ ಮತ್ತೆ ಹತ್ತಿಸ್ಬೇಕು. ಮೂರು ಸಲ ಹಾಗಾಗಿದೆ. ಇನ್ನೊಂದು ಸಲ ಆದ್ರೆ ಗೋದಾಮಿಗೆ ಹೋಗಿ ಮೂಟೆ ಹೊರು ಅಂದಿದ್ದಾರೆ ಮ್ಯಾನೇಜರ್ರು."

"ಸೆಟ್ಟಿಂಗ್ಸಲ್ಲಿ ಬದಲಾಯಿಸ್ಬಹುದಲ್ಲ?"

"ಹೋಗಿದ್ದೆ ತಾಯಿ! ಹದಿನಾಲ್ಕು ಪ್ರಶ್ನೆ ಕೇಳ್ತು. ತೆರೆ ಮಂಕಾಗೋದು ಯಾವಾಗ, ಅರೆನಿದ್ದೆ ಯಾವಾಗ, ಗಾಢನಿದ್ದೆ ಯಾವಾಗ... ಧೈರ್ಯ ಮಾಡಿ ಒಂದು ಒತ್ತಿದೆ ನೋಡು, ಮಧ್ಯಾಹ್ನದವರೆಗೂ ಏಳಲೇ ಇಲ್ಲ. ಯಾವ ಪುಣ್ಯಾತ್ಮ ಬರೆದನೋ!"

"ನಾನೇ, ಚಿಕ್ಕಪ್ಪಾ."

ಫ್ಯಾನು ಒಮ್ಮೆ ಅತ್ತ ಹೋಗಿ ಇತ್ತ ಬಂತು.

"ಹೌದಾ? ಅಕ್ಷರ ಮಾತ್ರ ಮುತ್ತಿನ ಹಾಗಿವೆ ಬಿಡು."

ಈ ತೂಕದ ಸಾಫ್ಟ್‌ವೇರ್ ಬರೆದ ಕಂಪನಿಯಲ್ಲಿ, ಹದಿನಾಲ್ಕರಲ್ಲಿ ಒಂದನ್ನೂ ತೆಗೆಯಕೂಡದೆಂದು ಜೊತೆ ಕೆಲಸದವರ ಮೇಲೆ ಹರಿಹಾಯ್ದವಳು ಅವಳೇ. ಬಳಸುವವರಿಗೆ ಆಯ್ಕೆ ಬೇಡವೇ ಎಂದು ವಾದಿಸಿದ್ದಳು. ಈಗ ಆ ಬಿದಿರುಕಡ್ಡಿಯನ್ನೇ ನೋಡುತ್ತ ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು ಚಿಕ್ಕಪ್ಪನ ಕಂಪ್ಯೂಟರಿಗೆ ಜೋಡಿಸಿ ಕೂತಳು. ಕಳೆ ಕೀಳುವವಳಂತೆ ಒಂದೊಂದನ್ನೇ ಕಿತ್ತಳು. ಎರಡು ಸುತ್ತು ಟೀ ಮುಗಿಯುವ ಹೊತ್ತಿಗೆ ಚಿಕ್ಕಪ್ಪನ ತೆರೆಯ ಮೇಲೆ ಒಂದೇ ಪ್ರಶ್ನೆ ಉಳಿದಿತ್ತು: ಯಾರೂ ಮುಟ್ಟದಿದ್ದಾಗ ನಾನೇನು ಮಾಡಲಿ? ಅದರ ಕೆಳಗೆ ಎರಡೇ ಉತ್ತರ: ಎಚ್ಚರವಾಗಿರು, ಮಲಗು.

ಚಿಕ್ಕಪ್ಪ ಮೊದಲನೆಯದನ್ನು ಒತ್ತಿದ. ಆಮೇಲೆ ಫ್ಯಾನು ಆರಿಸಿದ. ಅಷ್ಟರಲ್ಲಿ ಮೆಕ್ಕೆಜೋಳದ ಲಾರಿಯೊಂದು ತೂಕದ ಕಟ್ಟೆ ಹತ್ತಿ ನಿಂತಿತು. ಡ್ರೈವರ್ ಒಳಗೆ ಬಂದ.

"ಹತ್ತು ನಿಮಿಷ ತಡಿಯಪ್ಪ, ಪರೀಕ್ಷೆ ನಡೀತಿದೆ."

"ಯಾರಿಗಣ್ಣಾ, ನಿನಗಾ, ಕಂಪ್ಯೂಟರಿಗಾ?"

"ಇಬ್ಬರಿಗೂ ಅಲ್ಲ, ನನಗೆ," ಎಂದಳು ಅವಳು.

ಮೂವರೂ ಕೈ ಕಟ್ಟಿಕೊಂಡು ತೆರೆಯನ್ನೇ ನೋಡುತ್ತ ನಿಂತರು. ಒಂಬತ್ತನೆಯ ನಿಮಿಷಕ್ಕೆ ಡ್ರೈವರನಿಗೆ ಸೀನು ಬಂತು. ಮೌಸ್ ಅಲ್ಲಾಡೀತೆಂದು ಚಿಕ್ಕಪ್ಪ ಅವನ ಮೂಗು ಹಿಡಿದ. ಹತ್ತಾಯಿತು. ಹನ್ನೊಂದಾಯಿತು. ಲಾರಿಯ ತೂಕ ದೀಪದಂತೆ ಹೊಳೆಯುತ್ತಲೇ ಇತ್ತು. ಚೀಟಿ ಕರ್ರೆಂದು ಹೊರಬಂತು. ಡ್ರೈವರ್ ಮನಸಾರೆ ಸೀನಿದ.

ಚಿಕ್ಕಪ್ಪ ಬಿದಿರುಕಡ್ಡಿಯ ಕಟ್ಟು ಬಿಚ್ಚಿದ. ಆಮೇಲೆ ತಲೆಯಿಂದ ಮಫ್ಲರ್ ತೆಗೆದು, ಮೌಸಿನ ಮೇಲೆ ಮೆತ್ತಗೆ ಹೊದಿಸಿದ.

"ಪಾಪ, ಮಳೆಗಾಲದಿಂದ ಓಡ್ತಾನೇ ಇದೆ," ಎಂದ. "ಮಲಗಬೇಕಾದ್ದು ಇದು."